ಕರುಳಿನ ಸೂಕ್ಷ್ಮಜೀವಿಗಳು ಮತ್ತು ರೋಗನಿರೋಧಕ ವ್ಯವಸ್ಥೆ: ‘ಒಳ್ಳೆಯ’, ‘ಕೆಟ್ಟ’ ಎಂಬ ವಿಂಗಡಣೆಯ ಮಿತಿ

ಕರುಳಿನ ಒಳಗೋಡೆಯ ಹೊದಿಕೆ ಒಂದೇ ಕೋಶದಷ್ಟು ದಪ್ಪ. ಅದರ ಈಚೆ ಲೋಳೆ ಮತ್ತು ಬ್ಯಾಕ್ಟೀರಿಯಾ, ಆಚೆ ರೋಗನಿರೋಧಕ ಕೋಶಗಳ ದಟ್ಟಣೆ. ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಇಸ್ರೇಲಿನ ರಾನ್ ಮಿಲೊ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ಸಂಖ್ಯೆಯಲ್ಲಿ ಅವು ದೇಹದ ಸ್ವಂತ ಕೋಶಗಳಿಗೆ ಹೆಚ್ಚುಕಡಿಮೆ ಸಮ. ಹತ್ತು ಪಟ್ಟು ಎಂಬ ಹಳೆಯ ಮಾತಿಗೆ ಆಧಾರವಿಲ್ಲ. ಇವುಗಳಲ್ಲಿ ಬಹುಪಾಲಿನ ನೆಲೆ ದೊಡ್ಡ ಕರುಳು.

ಈ ನೆರೆಹೊರೆಯಿಂದ ರೋಗನಿರೋಧಕ ವ್ಯವಸ್ಥೆಗೆ ಏನು ದಕ್ಕುತ್ತದೆ ಎಂಬುದು, ಹುಟ್ಟಿನಿಂದಲೇ ಸೂಕ್ಷ್ಮಜೀವಿಗಳ ಸೋಂಕಿಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಸ್ಪಷ್ಟವಾಗುತ್ತದೆ. ಅವುಗಳ ಕರುಳಿನ ದುಗ್ಧಗ್ರಂಥಿಗಳು ಪೂರ್ತಿ ಬೆಳೆಯುವುದಿಲ್ಲ. ಲೋಳೆಪೊರೆಯನ್ನು ಕಾಯುವ ಐಜಿಎ ಪ್ರತಿಕಾಯವೂ ತೀರ ಕಡಿಮೆ. ಕರುಳಿಗೆ ಬ್ಯಾಕ್ಟೀರಿಯಾಗಳನ್ನು ಸೇರಿಸಿದರೆ ಈ ಕೊರತೆ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಆದರೆ ಯಾವ ಬ್ಯಾಕ್ಟೀರಿಯಾ ಯಾವ ಕೆಲಸ ಮಾಡುತ್ತದೆ ಎಂಬುದು ಬಹುಕಾಲ ಒಗಟಾಗಿಯೇ ಉಳಿದಿತ್ತು.

ಈ ಒಗಟಿನ ಒಂದು ಎಳೆ ಬಿಚ್ಚಿಕೊಂಡದ್ದು ನ್ಯೂಯಾರ್ಕಿನ ಡ್ಯಾನ್ ಲಿಟ್‌ಮನ್ ಅವರ ಪ್ರಯೋಗಾಲಯದಲ್ಲಿ. ಒಂದೇ ತಳಿಯ ಇಲಿಗಳನ್ನು ಅಲ್ಲಿ ಎರಡು ಸಂಸ್ಥೆಗಳಿಂದ ತರಿಸಲಾಗಿತ್ತು: ಟಾಕೋನಿಕ್ ಮತ್ತು ಜಾಕ್ಸನ್. ಟಾಕೋನಿಕ್ ಇಲಿಗಳ ಸಣ್ಣ ಕರುಳಿನಲ್ಲಿ ಟಿಎಚ್17 ಎಂಬ ಉರಿಯೂತಕಾರಕ ಟಿ ಕೋಶಗಳು ಹೇರಳವಾಗಿದ್ದವು, ಜಾಕ್ಸನ್ ಇಲಿಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಎರಡನ್ನೂ ಒಂದೇ ಗೂಡಿನಲ್ಲಿ ಕೂಡಿಟ್ಟಾಗ ಜಾಕ್ಸನ್ ಇಲಿಗಳಲ್ಲೂ ಆ ಕೋಶಗಳು ಕಾಣಿಸಿಕೊಂಡವು. ಇಲಿಗಳು ಒಂದರ ಹಿಕ್ಕೆಯನ್ನೊಂದು ತಿನ್ನುವುದರಿಂದ ವ್ಯತ್ಯಾಸದ ಮೂಲ ವಂಶವಾಹಿಯಲ್ಲ, ಬ್ಯಾಕ್ಟೀರಿಯಾ ಎಂಬುದು ಖಚಿತವಾಯಿತು. 2009ರಲ್ಲಿ ಪ್ರಕಟವಾದ ಈ ಅಧ್ಯಯನ ಗುರುತಿಸಿದ್ದು ಎಸ್‌ಎಫ್‌ಬಿ ಎಂಬ, ಎಳೆಯಾಕಾರದ, ಕರುಳಿನ ಗೋಡೆಗೆ ನೇರವಾಗಿ ಅಂಟಿಕೊಳ್ಳುವ ಬ್ಯಾಕ್ಟೀರಿಯಾವನ್ನು. ಅದನ್ನು ಪಡೆದ ಇಲಿಗಳು ಕರುಳಿನ ಸೋಂಕೊಂದನ್ನು ಹೆಚ್ಚು ಸಮರ್ಥವಾಗಿ ಎದುರಿಸಿದವು.

ಇಲ್ಲಿಗೇ ನಿಂತಿದ್ದರೆ ಎಸ್‌ಎಫ್‌ಬಿ ‘ಒಳ್ಳೆಯ ಬ್ಯಾಕ್ಟೀರಿಯಾ’ ಎಂದು ಹೆಸರು ಗಳಿಸುತ್ತಿತ್ತು. ಮರುವರ್ಷವೇ ಹಾರ್ವರ್ಡ್‌ನ ಡಯಾನ್ ಮ್ಯಾಥಿಸ್ ಮತ್ತು ಕ್ರಿಸ್ಟೋಫ್ ಬೆನ್ವಾ ಅವರ ತಂಡ, ಸಂಧಿವಾತಕ್ಕೆ ಆನುವಂಶಿಕವಾಗಿ ಈಡಾಗುವ ಇಲಿಗಳ ಕರುಳಿಗೆ ಇದೊಂದೇ ಬ್ಯಾಕ್ಟೀರಿಯಾವನ್ನು ಸೇರಿಸಿತು. ಸೂಕ್ಷ್ಮಜೀವಿಗಳಿಲ್ಲದಾಗ ತಗ್ಗಿದ್ದ ಕಾಯಿಲೆ ಬೇಗನೆ ಉಲ್ಬಣಿಸಿ ಕೀಲುಗಳು ಊದಿಕೊಂಡವು. ಬ್ಯಾಕ್ಟೀರಿಯಾ ಅದೇ, ಅದು ಎಚ್ಚರಿಸಿದ ಕೋಶಗಳೂ ಅವೇ. ಆಶ್ರಯ ಕೊಟ್ಟ ದೇಹ ಮಾತ್ರ ಬೇರೆ.

ಇನ್ನು ಕೆಲವು ಬ್ಯಾಕ್ಟೀರಿಯಾಗಳ ಕೆಲಸ ಉರಿಯೂತವನ್ನು ಹದದಲ್ಲಿಡುವುದು. ಕ್ಲಾಸ್ಟ್ರಿಡಿಯಾ ಗುಂಪಿನ ಹಲವು ಪ್ರಭೇದಗಳು ಆಹಾರದ ನಾರನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಕಿರುಸರಪಳಿ ಕೊಬ್ಬಿನಾಮ್ಲವನ್ನು ತಯಾರಿಸುತ್ತವೆ. ಇದು ನಿಯಂತ್ರಕ ಟಿ ಕೋಶಗಳು ರೂಪುಗೊಳ್ಳಲು ನೆರವಾಗುತ್ತದೆ ಎಂದು 2013ರ ಇಲಿ ಪ್ರಯೋಗಗಳು ತೋರಿಸಿದವು. ತೀವ್ರ ಭೇದಿ ತರುವ ಕುಖ್ಯಾತ ಬ್ಯಾಕ್ಟೀರಿಯಾ ಸಿ. ಡಿಫಿಸಿಲ್ ಕೂಡ ಬಹುಕಾಲ ಕ್ಲಾಸ್ಟ್ರಿಡಿಯಂ ಎಂಬ ಹೆಸರಿನಲ್ಲೇ ಇತ್ತು!

ಮನುಷ್ಯರಲ್ಲಿ ಕಾರಣ ಮತ್ತು ಪರಿಣಾಮವನ್ನು ಬಿಡಿಸಿ ನೋಡುವುದು ಕಷ್ಟ. ರೋಗಿಯ ಕರುಳಿನ ಬ್ಯಾಕ್ಟೀರಿಯಾಗಳು ಬದಲಾಗಿದ್ದರೆ ಅದರಿಂದ ರೋಗ ಬಂದಿರಬಹುದು. ರೋಗವೋ, ಔಷಧವೋ, ಊಟವೋ ಅವನ್ನು ಬದಲಿಸಿರಲೂಬಹುದು. ಉದಾಹರಣೆಗೆ, ಫಿನ್ಲೆಂಡಿನಲ್ಲಿ ಟೈಪ್ 1 ಮಧುಮೇಹದ ಪ್ರಮಾಣ ಜಗತ್ತಿನಲ್ಲೇ ಹೆಚ್ಚು. ಗಡಿಯಾಚೆಯ ರಷ್ಯಾದ ಕರೇಲಿಯಾದಲ್ಲಿ ಅದು ತೀರ ಕಡಿಮೆ. ಫಿನ್ಲೆಂಡ್, ಎಸ್ಟೋನಿಯಾ ಮತ್ತು ರಷ್ಯಾದ 222 ಶಿಶುಗಳನ್ನು ಮೂರು ವರ್ಷ ತುಂಬುವವರೆಗೆ ಗಮನಿಸಿದ 2016ರ ಅಧ್ಯಯನದಲ್ಲಿ, ಮೊದಲೆರಡು ದೇಶಗಳ ಮಕ್ಕಳಲ್ಲಿ ಬ್ಯಾಕ್ಟೀರಾಯ್ಡಿಸ್ ಹೆಚ್ಚಾಗಿತ್ತು. ಅದರ ಹೊರಪೊರೆಯ ಎಲ್‌ಪಿಎಸ್ ಅಣು ರೋಗನಿರೋಧಕ ಕೋಶಗಳನ್ನು ಕೆಣಕುವುದಿಲ್ಲ, ಈ. ಕೋಲಿಯ ಎಲ್‌ಪಿಎಸ್ ಬಲವಾಗಿ ಕೆಣಕುತ್ತದೆ. ಮಧುಮೇಹಕ್ಕೆ ಈಡಾಗುವ ಇಲಿಗಳಿಗೆ ಚುಚ್ಚಿದಾಗ ಕಾಯಿಲೆ ತಗ್ಗಿಸಿದ್ದು ಈ. ಕೋಲಿಯದ್ದೇ. ಎಳವೆಯಲ್ಲಿ ಕೆಣಕಿಸಿಕೊಳ್ಳುವುದು ರೋಗನಿರೋಧಕ ವ್ಯವಸ್ಥೆಗೆ ಅಗತ್ಯವಿರಬಹುದೆಂಬ ಊಹೆಗೆ ಇದು ಬಲ ಕೊಡುತ್ತದೆ. ಆದರೂ ಇದು ಮಕ್ಕಳಲ್ಲಿ ಸಾಬೀತಾದ ಕಾರಣವಲ್ಲ.

ಚಿಕಿತ್ಸೆಯ ಮಟ್ಟದಲ್ಲಿ ಗಟ್ಟಿಯಾಗಿ ನಿಂತಿರುವುದು ಸದ್ಯಕ್ಕೆ ಮುಖ್ಯವಾಗಿ ಸಿ. ಡಿಫಿಸಿಲ್ ಪ್ರಕರಣ. ಆಂಟಿಬಯಾಟಿಕ್‌ಗಳಿಂದ ಕರುಳು ಬರಿದಾದಾಗ ಇದು ಬೇರೂರಿ ತೀವ್ರ ಭೇದಿ ಉಂಟುಮಾಡುತ್ತದೆ. 2013ರ ಡಚ್ ಪ್ರಯೋಗದಲ್ಲಿ ಆರೋಗ್ಯವಂತರ ಮಲದ ದ್ರಾವಣ ಪಡೆದ 16 ರೋಗಿಗಳಲ್ಲಿ 13 ಮಂದಿ ಮೊದಲ ಸಲಕ್ಕೇ ಗುಣವಾದರು. ವ್ಯಾಂಕೊಮೈಸಿನ್ ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು. ಅಪಾಯವೂ ಇದೆ: 2019ರಲ್ಲಿ ಅಮೆರಿಕದಲ್ಲಿ, ದಾನಿಯ ಮಲದಲ್ಲಿದ್ದ ಔಷಧ ನಿರೋಧಕ ಈ. ಕೋಲಿಯಿಂದ ರೋಗಿಯೊಬ್ಬರು ಮೃತಪಟ್ಟರು.

ಔಷಧದಂಗಡಿಯ ಬಹುತೇಕ ಪ್ರೋಬಯಾಟಿಕ್ ಮಾತ್ರೆಗಳ ಬೆನ್ನಿಗೆ ಇಂಥ ಸಾಕ್ಷ್ಯವಿಲ್ಲ. ಅಪವಾದವೆನ್ನಬಹುದಾದ ಪ್ರಯೋಗ ನಡೆದದ್ದು ಒಡಿಶಾದ ಹಳ್ಳಿಗಳಲ್ಲಿ. 2017ರಲ್ಲಿ ಪ್ರಕಟವಾದ ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರ ಈ ಅಧ್ಯಯನದಲ್ಲಿ 4,556 ನವಜಾತ ಶಿಶುಗಳಿದ್ದರು. ಅರ್ಧದಷ್ಟು ಮಕ್ಕಳಿಗೆ ಏಳು ದಿನ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಆಯ್ದ ತಳಿಯೊಂದನ್ನೂ ಅದಕ್ಕೆ ಆಹಾರವಾಗುವ ಸಕ್ಕರೆಯನ್ನೂ ಕೊಡಲಾಯಿತು. ರಕ್ತನಂಜು ಅಥವಾ ಸಾವಿಗೆ ತುತ್ತಾದವರ ಪ್ರಮಾಣ ಶೇ. 9ರಿಂದ ಶೇ. 5.4ಕ್ಕೆ ಇಳಿಯಿತು. ಬಾಯಿಯ ಮೂಲಕ ಕರುಳಿಗೆ ಕೊಟ್ಟ ಈ ಮದ್ದಿನಿಂದ ಶ್ವಾಸಕೋಶದ ಸೋಂಕುಗಳೂ ತಗ್ಗಿದವು.