ಸೀಸೆಗೆ ಕಥೆ ಬಂದ ಬಗೆ

ಧಾರವಾಡದಲ್ಲಿ ಹುಟ್ಟಿ ಮುಂಬಯಿಯ ಬೆಳ್ಳಿತೆರೆಯಲ್ಲಿ ಬೆಳಗಿದ ಲೀಲಾ ಚಿಟ್ನಿಸ್ ಅವರ ಚಿತ್ರ 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಅಚ್ಚಾಯಿತು. ಆ ಸಾಬೂನಿಗೆ ಮುಖ ಕೊಟ್ಟ ಭಾರತದ ಮೊದಲ ತಾರೆ ಅವರೇ. ‘ಕಂಗನ್’, ‘ಬಂಧನ್’ ಚಿತ್ರಗಳಿಂದ ಮನೆಮಾತಾಗಿದ್ದ ಅವರ ಚೆಲುವು ಸಾಬೂನಿಗೆ ಬೇಕಿತ್ತು, ಬಾಳು ಬೇಕಿರಲಿಲ್ಲ. ಗಂಡನಿಂದ ದೂರವಾಗಿ, ಮಕ್ಕಳನ್ನು ಸಾಕಲು ಬಣ್ಣ ಹಚ್ಚಿದ ಹೆಣ್ಣಿನ ಕಥೆಯನ್ನು ಆಗಿನ ಯಾವ ವ್ಯಾಪಾರಿ ತಾನೇ ಮಾರಲು ಒಪ್ಪುತ್ತಿದ್ದ? ಅದನ್ನವರು 1981ರಲ್ಲಿ ‘ಚಂದೇರಿ ದುನಿಯೇತ್’ ಎಂಬ ಮರಾಠಿ ಆತ್ಮಕಥೆಯಲ್ಲಿ ತಾವೇ ಬರೆದುಕೊಂಡರು.

ಸಾಬೂನಿಗೆ ಮುಖ ಸಾಕು. ಸುಗಂಧಕ್ಕೆ ಸಾಲದು. ತುಟಿಯ ಬಣ್ಣವನ್ನು ಚಿತ್ರದಲ್ಲಿ ತೋರಿಸಬಹುದು, ಕಂಪನ್ನು ತೋರಿಸುವುದೆಂತು? ಪತ್ರಿಕೆಯ ಪುಟಕ್ಕೇ ಸೆಂಟು ಲೇಪಿಸುವ ಉಪಾಯವೂ ಬಂತೆನ್ನಿ. ಟೆಲಿವಿಷನ್ನಿಗೆ ಆ ಭಾಗ್ಯವೂ ಇಲ್ಲ. ಮೂಗಿಗೆ ಮುಟ್ಟದ್ದನ್ನು ಮನಸ್ಸಿಗೆ ಮುಟ್ಟಿಸಬೇಕಾದರೆ ಕಥೆಯೇ ಗತಿ.

ಇದನ್ನು ಚೆನ್ನಾಗಿ ಅರಿತವರು ಹಾಲಿವುಡ್ಡಿನ ಎಲಿಜಬೆತ್ ಟೇಲರ್. 1987ರಲ್ಲಿ ಅವರ ‘ಪ್ಯಾಶನ್’ ಬಂದಾಗ ಸೀಸೆಯ ಬಣ್ಣ ನೇರಿಳೆ; ಅವರ ಕಣ್ಣುಗಳ ಖ್ಯಾತಿಯೂ ಆ ಬಣ್ಣದ್ದೇ. 1991ರಲ್ಲಿ ‘ವೈಟ್ ಡೈಮಂಡ್ಸ್’ ಬಂತು. ಪತಿ ರಿಚರ್ಡ್ ಬರ್ಟನ್ 1968ರಲ್ಲಿ 33.19 ಕ್ಯಾರೆಟ್ಟಿನ ವಜ್ರ ಕೊಡಿಸಿದ್ದು, ಇಬ್ಬರೂ ಎರಡು ಸಲ ಮದುವೆಯಾಗಿ ಎರಡು ಸಲ ಬೇರೆಯಾದದ್ದು ಜಗತ್ತಿಗೆಲ್ಲ ಗೊತ್ತಿದ್ದ ಸಂಗತಿ. ಹೆಸರೇ ಅರ್ಧ ಕಥೆ ಹೇಳಿಬಿಟ್ಟಿತು. ಕಪ್ಪು-ಬಿಳುಪಿನ ಆ ಜಾಹೀರಾತಿನಲ್ಲಿ, ಇಸ್ಪೀಟಾಟದಲ್ಲಿ ಕೈ ಬರಿದಾದವನಿಗೆ ಟೇಲರ್ ತಮ್ಮ ವಜ್ರದ ಓಲೆಯನ್ನೇ ಬಿಚ್ಚಿ ಕೊಡುತ್ತಾರೆ. ಇಡೀ ಪ್ರಸಂಗದಲ್ಲಿ ಹೂವಿನ ಸುದ್ದಿಯಿಲ್ಲ, ವಾಸನೆಯ ಸುದ್ದಿಯಿಲ್ಲ! ಪರಿಮಳವನ್ನು ಬೆರೆಸಿದಾತ ಕಾರ್ಲೋಸ್ ಬೆನಾಯಿಮ್ ಎಂಬುದು ಕೊಂಡವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ. ಟೇಲರ್ 2011ರಲ್ಲಿ ತೀರಿಕೊಂಡರು, ಅದೇ ವರ್ಷ ಒಡವೆಗಳು ನ್ಯೂಯಾರ್ಕಿನಲ್ಲಿ ಹರಾಜಾದವು. ಸೀಸೆ ಮಾತ್ರ ಅಂಗಡಿಯಲ್ಲಿ ಉಳಿಯಿತು.

ಆದರೂ ಟೇಲರ್ ಅವರ ಸುಗಂಧಗಳನ್ನು ತಯಾರಿಸಿ ಮಾರಿದವು ಬೇರೆ ಕಂಪೆನಿಗಳು. ಮುಂದಿನ ತಲೆಮಾರಿನ ತಾರೆಯರು ಸ್ವಂತ ಅಂಗಡಿಯನ್ನೇ ತೆರೆದರು. ಮೊದಲು ಬಣ್ಣ, ಆಮೇಲೆ ಕಂಪು. ಗಾಯಕಿ ರಿಹಾನಾ ತಮ್ಮ ಮನೆತನದ ಹೆಸರಿನಲ್ಲಿ ‘ಫೆಂಟಿ ಬ್ಯೂಟಿ’ ಆರಂಭಿಸಿದ್ದು 2017ರಲ್ಲಿ, ಅದರ ಸುಗಂಧ ಬಂದದ್ದು 2021ರಲ್ಲಿ. ಸೆಲೆನಾ ಗೋಮೆಜ್ ಅವರ ‘ರೇರ್ ಬ್ಯೂಟಿ’ 2020ರದು, ಸುಗಂಧ 2025ರದು.

ಈ ಸೆಲೆನಾ ಅವರ ಪ್ರಸಂಗ ನನಗೆ ಹೆಚ್ಚು ಹಿಡಿಸಿತು. ತಮಗೆ ಲೂಪಸ್ ರೋಗವಿದೆಯೆಂದು ಅವರು 2015ರಲ್ಲಿ ಬಹಿರಂಗವಾಗಿ ಹೇಳಿದರು. 2017ರಲ್ಲಿ ಗೆಳತಿಯೊಬ್ಬಳು ಕೊಟ್ಟ ಮೂತ್ರಪಿಂಡದಿಂದ ಜೀವ ಉಳಿಯಿತು. ಹಿಂದಿನವರಾಗಿದ್ದರೆ ಇಂಥದ್ದನ್ನು ಮುಚ್ಚಿಡುತ್ತಿದ್ದರು. ಕಾಯಿಲೆಯನ್ನೂ ಮಾರಾಟಕ್ಕೆ ಇಡುವುದೇ ಎಂದು ಮೂಗು ಮುರಿಯುವವರು ಇದ್ದಾರು. ಆ ಅನುಮಾನ ನನಗೂ ಇತ್ತು. ಕೀಲುಬೇನೆಯಿಂದ ಅವರ ಬೆರಳುಗಳಲ್ಲಿ ಕಸುವು ಕಡಿಮೆ. ಹೀಗಾಗಿ ಕೈಗಳ ಚಿಕಿತ್ಸಕರ ಸಲಹೆ ಪಡೆದು, ನೋವಿರುವ ಕೈಗಳೂ ಸುಲಭವಾಗಿ ಹಿಡಿದು ಒತ್ತುವಂತೆ ಸೀಸೆಯನ್ನು ರೂಪಿಸಿದರು. ಒಳಗಿರುವ ಕಂಪು ಕ್ಯಾರಮೆಲ್, ಪಿಸ್ತಾಗಳದು, ಜತೆಗೆ ಶ್ರೀಗಂಧದ್ದು. ಆ ಕೊನೆಯ ಹೆಸರು ಕಿವಿಗೆ ಬಿದ್ದರೆ ನಮ್ಮವರ ಮೂಗು ಅರಳದೆ ಇದ್ದೀತೆ!