ನವಜಾತ ಶಿಶುವಿನ ತೂಕ ಮತ್ತು ಎದೆಹಾಲಿನ ಆತಂಕ: ಐವರ್ನಾಡು ಮತ್ತು ಸುಳ್ಯ–ಪುತ್ತೂರು–ಕಡಬ ಸೀಮೆ

ಎದೆಹಾಲು ಕುಡಿಯುವ ಹಸುಗೂಸಿನ ತೂಕ ನಿರೀಕ್ಷಿಸಿದಷ್ಟು ಏರದಿರುವುದು, ಅದರ ಜೊತೆಗೇ ತಾಯಿಗೆ ಹಾಲು ಸಾಲದೆಂಬ ಅಂಜಿಕೆ ಮನೆಯಲ್ಲಿ ಹುಟ್ಟುವುದು ಹೆರಿಗೆಯ ನಂತರದ ಮೊದಲ ಆರು ವಾರಗಳ ಸಾಮಾನ್ಯ ಸಮಸ್ಯೆ. ಮಗುವಿನ ತೂಕ ನಿಜವಾಗಿ ಹಿಂದುಳಿದಿರಬಹುದು, ಇಲ್ಲವೇ ಹಿಂದುಳಿದಂತೆ ಮನೆಯವರ ಕಣ್ಣಿಗೆ ಕಾಣಬಹುದು. ಎರಡನೆಯದೇ ಹೆಚ್ಚು. ಆದರೆ ಪುಡಿಹಾಲಿನ ಡಬ್ಬಿ ಮನೆ ಸೇರುವುದು ಎರಡರಿಂದಲೂ. ಇವನ್ನು ಬೇರ್ಪಡಿಸಲು ಬೇಕಾದ್ದು ಒಂದು ತೂಕದ ಯಂತ್ರ, ಒದ್ದೆ ಬಟ್ಟೆಗಳ ಲೆಕ್ಕ ಮತ್ತು ಮಗು ಹಾಲು ಕುಡಿಯುವುದನ್ನು ಪಕ್ಕದಲ್ಲಿ ಕುಳಿತು ನೋಡುವ ತಿಳಿವಳಿಕೆಯ ಒಬ್ಬರು.

ಐವರ್ನಾಡು ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನಲ್ಲಿ ಬೆಳ್ಳಾರೆಗೆ ಹತ್ತಿರವಿರುವ ಗ್ರಾಮ. ಅಡಿಕೆ, ತೆಂಗು, ರಬ್ಬರ್ ಇಲ್ಲಿನ ಬೆಳೆಗಳು. ಈ ಸೀಮೆಯಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಮಲಯಾಳ, ತಮಿಳು ಎಲ್ಲವೂ ಮನೆಮಾತುಗಳೇ. ಬಾಣಂತನದ ರೂಢಿಗಳೂ ಮನೆಯಿಂದ ಮನೆಗೆ ಬೇರೆ. ಹೆರಿಗೆ ಮಾತ್ರ ಈಗ ಬಹುಮಟ್ಟಿಗೆ ಆಸ್ಪತ್ರೆಯಲ್ಲೇ: ಸುಳ್ಯ ಇಲ್ಲವೇ ಪುತ್ತೂರಿನ ತಾಲೂಕು ಆಸ್ಪತ್ರೆ, ಸುಳ್ಯದ ಕೆವಿಜಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ತೊಡಕಿದ್ದರೆ ಮಂಗಳೂರು. ಸಹಜ ಹೆರಿಗೆಯಾದ ಬಾಣಂತಿ ಎರಡು ಮೂರು ದಿನಕ್ಕೆ ತವರಿಗೆ ಬರುತ್ತಾಳೆ. ಮಗುವಿನ ತೂಕ ಅತ್ಯಂತ ಕೆಳಗಿಳಿದಿರುವುದೂ, ಎದೆಯಲ್ಲಿ ಹಾಲು ಇನ್ನೂ ತುಂಬಿಕೊಳ್ಳದಿರುವುದೂ ಸರಿಯಾಗಿ ಅದೇ ದಿನಗಳಲ್ಲಿ. ಮಗು ನೋಡಲು ನೆಂಟರು ಬರುವುದೂ ಆಗಲೇ. ‘ಮಗು ಎಂತ ಇಷ್ಟು ಸಪೂರ?’ ಎಂಬ ಪ್ರಶ್ನೆಗೆ ಇದಕ್ಕಿಂತ ಕೆಟ್ಟ ಮುಹೂರ್ತ ಸಿಗದು.

ತೂಕದ ಸಹಜ ನಡೆ

ಹುಟ್ಟಿದ ಮಗು ಮೊದಲ ಮೂರು ನಾಲ್ಕು ದಿನ ತೂಕ ಕಳೆದುಕೊಳ್ಳುತ್ತದೆ. ಮೈಯಲ್ಲಿದ್ದ ಹೆಚ್ಚುವರಿ ನೀರು ಮತ್ತು ಕಪ್ಪು ಮಲ ಹೊರಹೋಗುವುದು ಇದಕ್ಕೆ ಮುಖ್ಯ ಕಾರಣ. ಜನನ ತೂಕದ ಶೇ. 7ರವರೆಗಿನ ಇಳಿಕೆ ಸಾಮಾನ್ಯ; ಶೇ. 10 ದಾಟಿದರೆ ವೈದ್ಯರು ನೋಡಲೇಬೇಕು. 2.8 ಕಿಲೋ ಇದ್ದ ಮಗು 2.6ಕ್ಕೆ ಇಳಿದರೆ ಗಾಬರಿ ಬೇಡ, 2.5ಕ್ಕೆ ಇಳಿದರೆ ತಡ ಮಾಡಬಾರದು. ಹೆರಿಗೆಯ ಹೊತ್ತಿಗೆ ತಾಯಿಗೆ ಡ್ರಿಪ್ ಹೆಚ್ಚು ಕೊಟ್ಟಿದ್ದರೆ ಆ ನೀರಿನ ಪಾಲು ಮಗುವಿನ ಜನನ ತೂಕದಲ್ಲೂ ಸೇರಿರುತ್ತದೆ, ಆಗ ಇಳಿಕೆ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಐದನೆಯ ದಿನದ ಹೊತ್ತಿಗೆ ತೂಕ ಮೇಲಕ್ಕೆ ತಿರುಗಬೇಕು. 10ರಿಂದ 14 ದಿನಗಳಲ್ಲಿ ಜನನ ತೂಕ ಮರಳಬೇಕು. ಅಲ್ಲಿಂದ ಮೂರು ತಿಂಗಳವರೆಗೆ ದಿನಕ್ಕೆ 20ರಿಂದ 30 ಗ್ರಾಂ ಏರಿಕೆ ಸಾಕು.

ಈ ಸಣ್ಣ ಸಂಖ್ಯೆಯೇ ಅನೇಕ ಆತಂಕಗಳ ಮೂಲ. ನೇತುಹಾಕುವ ಹಳೆಯ ಸ್ಪ್ರಿಂಗ್ ತಕ್ಕಡಿಯಲ್ಲಿ 100 ಗ್ರಾಂಗಿಂತ ಸೂಕ್ಷ್ಮವಾಗಿ ಓದಲಾಗದು, ಮೂರು ದಿನದ ಏರಿಕೆ ಅದರಲ್ಲಿ ಕಾಣಿಸುವುದೇ ಇಲ್ಲ. ಆಸ್ಪತ್ರೆಯ ಡಿಜಿಟಲ್ ಯಂತ್ರದಲ್ಲಿ ಒಮ್ಮೆ, ಅಂಗನವಾಡಿಯಲ್ಲಿ ಒಮ್ಮೆ, ಸ್ವೆಟರ್ ತೊಡಿಸಿ ಖಾಸಗಿ ಕ್ಲಿನಿಕ್ಕಿನಲ್ಲಿ ಒಮ್ಮೆ ತೂಗಿ ಮೂರನ್ನೂ ಹೋಲಿಸಿದರೆ ಸಿಗುವುದು ಯಂತ್ರಗಳ ವ್ಯತ್ಯಾಸ ಮಾತ್ರ. ಒಂದೇ ಯಂತ್ರದಲ್ಲಿ, ಬಟ್ಟೆಯಿಲ್ಲದೆ, ವಾರಕ್ಕೊಮ್ಮೆ ತೂಗಿದ ಅಂಕಿಗೆ ಬೆಲೆಯಿದೆ. ತೂಕ ಇಳಿದಿದೆ ಎಂಬ ಅನುಮಾನವಿದ್ದಾಗ ಮಾತ್ರ ಒಂದೆರಡು ದಿನಕ್ಕೇ ಮತ್ತೆ ತೂಗಬೇಕು.

ಗರ್ಭಿಣಿಗೆ ಕೊಡುವ ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ನಕ್ಷೆ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಮಾನದಂಡವನ್ನು ಆಧರಿಸಿದ್ದು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಎಂಬ ಆರು ದೇಶಗಳಲ್ಲಿ ಎದೆಹಾಲು ಕುಡಿದು ಬೆಳೆದ ಮಕ್ಕಳನ್ನು ಅಳೆದು ಅದನ್ನು ರೂಪಿಸಲಾಯಿತು. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಅಮೆರಿಕದ ನಕ್ಷೆ ಹೆಚ್ಚಾಗಿ ಬಾಟಲಿ ಹಾಲಿನ ಮಕ್ಕಳದ್ದು. ಹಾಗಾಗಿ ಎದೆಹಾಲಿನ ಮಗು ಮೂರು ತಿಂಗಳು ಕಳೆದ ಮೇಲೆ ಆ ನಕ್ಷೆಯಲ್ಲಿ ಕಾರಣವಿಲ್ಲದೆ ಹಿಂದೆ ಬಿದ್ದಂತೆ ಕಾಣುತ್ತಿತ್ತು. ಕಾರ್ಡಿನ ಗೆರೆಗಳಲ್ಲಿ ಮಗು ಎಷ್ಟು ಮೇಲಿದೆ ಎಂಬುದಕ್ಕಿಂತ ತನ್ನದೇ ಗೆರೆಗೆ ಸಮಾನಾಂತರವಾಗಿ ಏರುತ್ತಿದೆಯೇ ಎಂಬುದು ಮುಖ್ಯ.

ಹಾಲು ಸಾಕಾಗುತ್ತಿದೆಯೇ?

ಮೊದಲ ದಿನದ ಗಿಣ್ಣುಹಾಲು ಒಂದು ಸಲಕ್ಕೆ ಚಮಚದಷ್ಟು; ಮಗುವಿನ ಹೊಟ್ಟೆಗೂ ಅಷ್ಟೇ ಸಾಕು. (ಹಸು ಕರು ಹಾಕಿದರೆ ಗಿಣ್ಣು ಕಾಸಿ ಹಂಚುವ ಮನೆಗಳಲ್ಲೇ ಬಾಣಂತಿಯ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವ ರೂಢಿಯೂ ಇತ್ತು.) ಎರಡರಿಂದ ನಾಲ್ಕನೆಯ ದಿನದೊಳಗೆ ಹಾಲು ಇಳಿಯುತ್ತದೆ. ಚೊಚ್ಚಲು, ಸಿಸೇರಿಯನ್, ಸಕ್ಕರೆ ಕಾಯಿಲೆ, ಬೊಜ್ಜು, ಹೆರಿಗೆಯಲ್ಲಿ ಅತಿ ರಕ್ತಸ್ರಾವ ಇದ್ದರೆ ಇನ್ನೂ ಒಂದೆರಡು ದಿನ ತಡ. ತಿಂಗಳಾಗುವ ಹೊತ್ತಿಗೆ ದಿನಕ್ಕೆ ಸುಮಾರು 750 ಮಿ.ಲೀ. ಹಾಲು ಉತ್ಪತ್ತಿಯಾಗುತ್ತದೆ; ಮೊಲೆಯ ಗಾತ್ರಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಾಲು ಹುಟ್ಟುವುದು ಖಾಲಿಯಾಗುವುದನ್ನು ಅನುಸರಿಸಿ. ಮಗು ಚೀಪಿದಾಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹಾಲು ತಯಾರಿಸುತ್ತದೆ, ಆಕ್ಸಿಟೋಸಿನ್ ಎಂಬ ಇನ್ನೊಂದು ಅದನ್ನು ಹೊರಕ್ಕೆ ತಳ್ಳುತ್ತದೆ. ಹಾಲು ಮೊಲೆಯಲ್ಲೇ ಉಳಿದರೆ ಉತ್ಪತ್ತಿ ತಗ್ಗುತ್ತದೆ. ಬಾಟಲಿ ಹಾಲು ಕುಡಿದ ಮಗು ಎದೆಯಲ್ಲಿ ಅಷ್ಟು ಕಡಿಮೆ ಚೀಪುತ್ತದೆ, ನಾಳೆಯ ಹಾಲು ಅಷ್ಟು ಕಡಿಮೆಯಾಗುತ್ತದೆ, ನಾಡಿದ್ದು ಬಾಟಲಿ ಇನ್ನೊಂದು ಹೊತ್ತಿಗೆ ಹಬ್ಬುತ್ತದೆ. ಪ್ರೊಲ್ಯಾಕ್ಟಿನ್ ರಾತ್ರಿ ಹೆಚ್ಚಿರುತ್ತದೆ. ಬಾಣಂತಿಗೆ ನಿದ್ದೆಯಾಗಲೆಂದು ಅಜ್ಜಿ ರಾತ್ರಿ ಬಾಟಲಿ ಕೊಡುವ ಕನಿಕರ ಹಾಲಿಗೇ ಪೆಟ್ಟು.

ಐದನೆಯ ದಿನದ ಮೇಲೆ ದಿನಕ್ಕೆ ಆರು ಅಥವಾ ಹೆಚ್ಚು ಸಲ ತಿಳಿ ಮೂತ್ರ, ಮೂರು ನಾಲ್ಕು ಸಲ ಹಳದಿ ಮಲ ಆಗುತ್ತಿದ್ದರೆ ಹಾಲು ಒಳಗೆ ಹೋಗುತ್ತಿದೆ. ಐದನೆಯ ದಿನವೂ ಕಪ್ಪು ಮಲವೇ ಇದ್ದರೆ ಅಥವಾ ಬಟ್ಟೆಯಲ್ಲಿ ಇಟ್ಟಿಗೆ ಬಣ್ಣದ ಕಲೆ ಮುಂದುವರಿದರೆ ಇಲ್ಲ. ಆಟಿ ತಿಂಗಳ ಮಳೆಯಲ್ಲಿ ಲಂಗೋಟಿ ಒಣಗದೆ ಈಗ ಎಲ್ಲರೂ ಡೈಪರಿಗೆ ಹೋಗಿದ್ದಾರೆ. ಡೈಪರಿನಲ್ಲಿ ಎಷ್ಟು ಸಲ ಒದ್ದೆಯಾಯಿತೆಂದು ತಿಳಿಯುವುದಿಲ್ಲ. ಮೊದಲ ಎರಡು ವಾರವಾದರೂ ಹಗಲಲ್ಲಿ ಹಳೆ ಪಂಚೆ ತುಂಡು ಉತ್ತಮ.

ಹಾಲು ಕಡಿಮೆಯೆಂದು ಜನ ನಂಬುವ ಲಕ್ಷಣಗಳಲ್ಲಿ ಹೆಚ್ಚಿನವು ಲಕ್ಷಣಗಳೇ ಅಲ್ಲ. ಆರು ವಾರದ ಹೊತ್ತಿಗೆ ಎದೆ ಮೆತ್ತಗಾಗುವುದು, ಪಂಪಿನಲ್ಲಿ ಸ್ವಲ್ಪವೇ ಬರುವುದು, ಸಂಜೆ ಮಗು ಗಂಟೆಗಟ್ಟಲೆ ಬಿಟ್ಟುಬಿಟ್ಟು ಚೀಪುವುದು, ಎರಡು ಗಂಟೆಗೇ ಮತ್ತೆ ಅಳುವುದು ಎಲ್ಲವೂ ಸಹಜ. ನವಜಾತ ಶಿಶು 24 ಗಂಟೆಗಳಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಹೆಚ್ಚು ಅಂಜಬೇಕಾದ್ದು ಅಳುವ ಮಗುವಿಗಲ್ಲ, ಅಳದೆ ಮಲಗಿಯೇ ಇರುವ ಮಗುವಿಗೆ. ‘ಪಾಪ, ಭಾರಿ ಸಾಧು’ ಎನಿಸಿಕೊಂಡ ಎಷ್ಟೋ ಕೂಸುಗಳು ವಾಸ್ತವದಲ್ಲಿ ಹಾಲು ಸಾಲದೆ ನಿತ್ರಾಣಗೊಂಡವು.

ತೂಕ ಏರದಿರಲು ಕಾರಣ

ಮೊದಲು ನೋಡಬೇಕಾದ್ದು ಮಗು ಮೊಲೆ ಹಿಡಿಯುವ ಬಗೆ. ತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗಿರಬೇಕು. ಗದ್ದ ಎದೆಗೆ ತಾಗಬೇಕು, ಕೆಳದುಟಿ ಹೊರಕ್ಕೆ ಮಡಚಿರಬೇಕು, ಗುಟುಕಿಸುವುದು ಕೇಳಿಸಬೇಕು. ತೊಟ್ಟು ಬಿರಿದು ತಾಯಿಗೆ ನೋವಾದರೆ ಹಿಡಿತ ಸರಿಯಿಲ್ಲವೆಂದೇ ತಿಳಿಯಬಹುದು. 37 ವಾರದ ಆಸುಪಾಸಿನಲ್ಲಿ ಹುಟ್ಟಿದ ಮಕ್ಕಳು ನೋಡಲು ದುಂಡಗಿದ್ದರೂ ಬೇಗ ದಣಿದು ನಿದ್ದೆ ಹೋಗುತ್ತವೆ. ಕಾಮಾಲೆಯಿಂದ ಮಗು ಮಂಕಾಗುತ್ತದೆ, ಮಂಕಾಗಿ ಹಾಲು ಕುಡಿಯದೆ ಕಾಮಾಲೆ ಏರುತ್ತದೆ. ಎಳೆಬಿಸಿಲಿಗೆ ಹಿಡಿಯುವುದು ಇದಕ್ಕೆ ಚಿಕಿತ್ಸೆಯಲ್ಲ. ನಾಲಗೆಯ ಕಟ್ಟು, ಸೀಳು ಅಂಗುಳ, ಹೃದಯದ ದೋಷ, ಸೋಂಕು ವೈದ್ಯರು ಹುಡುಕಬೇಕಾದವು. ತಾಯಿಯ ಕಡೆಯಿಂದ ಥೈರಾಯ್ಡ್ ಕೊರತೆ, ಗರ್ಭಕೋಶದಲ್ಲಿ ಉಳಿದ ಮಾಸುವಿನ ತುಣುಕು, ಸ್ತನದ ಶಸ್ತ್ರಚಿಕಿತ್ಸೆ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಹಾಲನ್ನು ತಗ್ಗಿಸಬಲ್ಲವು. ನಿಜಕ್ಕೂ ಹಾಲೇ ಇಲ್ಲದ ತಾಯಂದಿರು ಕೆಲವರಾದರೂ ಇದ್ದಾರೆ, ಮನಸ್ಸು ಮಾಡಿದರೆ ಎಲ್ಲರಿಗೂ ಹಾಲು ಬಂದೇ ಬರುತ್ತದೆಂದು ಅವರಿಗೆ ಉಪದೇಶಿಸುವುದು ಕ್ರೌರ್ಯ.

ಇನ್ನು ಬಾಣಂತನ. ಮೆಂತ್ಯೆ ಗಂಜಿ, ಬೆಳ್ಳುಳ್ಳಿ, ಸಬ್ಬಸಿಗೆ, ನುಗ್ಗೆಸೊಪ್ಪು, ಶತಾವರಿ ಬೇರು, ಮೀನು ತಿನ್ನುವ ಮನೆಗಳಲ್ಲಿ ತಾಟೆ: ಇವೆಲ್ಲ ಹಾಲಿಳಿಸುತ್ತವೆಂಬ ನಂಬಿಕೆ ಬಲವಾಗಿದೆ. ಮೆಂತ್ಯೆ, ಶತಾವರಿಗಳ ಬಗ್ಗೆ ನಡೆದ ಪರೀಕ್ಷೆಗಳು ಸಣ್ಣವು, ಫಲಿತಾಂಶ ಒಂದೇ ತೆರನಲ್ಲ. ಹಸಿದ ಬಾಣಂತಿಗೆ ಬಿಸಿ ಗಂಜಿ, ಸೊಪ್ಪು, ಮೀನು ಸಿಗುವುದು ಹೇಗೂ ಒಳ್ಳೆಯದೇ. ಆದರೆ ಹೊಟ್ಟೆ ಬರುತ್ತದೆಂದು ನೀರು ಕಡಿಮೆ ಕೊಡುವುದು ಬಿಡಬೇಕಾದ ಪದ್ಧತಿ. ಅತಿಯಾಗಿ ಕುಡಿದರೆ ಹಾಲು ಹೆಚ್ಚುವುದಿಲ್ಲವೆಂಬುದೂ ನಿಜ. ಎಣ್ಣೆ ಹಚ್ಚಿ ಹಂಡೆನೀರಲ್ಲಿ ಮೀಯಿಸಿದ ಮಗು ನಾಲ್ಕೈದು ಗಂಟೆ ಒಂದೇ ಸಮ ಮಲಗುತ್ತದೆ. ತೂಕ ಏರುವ ಮಗುವಿಗೆ ಅದರಿಂದ ತೊಂದರೆಯಿಲ್ಲ. ತೂಕ ಮರಳದ ಮಗುವಿಗೆ ಎರಡು ಹೊತ್ತಿನ ಹಾಲು ತಪ್ಪಿದಂತೆ. ಅಂಥ ಮಗುವನ್ನು ಮೂರು ಗಂಟೆಯೊಳಗೆ ಎಬ್ಬಿಸಿ ಕುಡಿಸಬೇಕು. ಬಜೆ ತೇದು ನೆಕ್ಕಿಸುವುದು, ಸಕ್ಕರೆ ನೀರು, ಗ್ರೈಪ್ ವಾಟರ್ ಯಾವುದೂ ಬೇಡ. ಜೇನು ಒಂದು ವರ್ಷದವರೆಗೆ ಅಪಾಯಕಾರಿ. ಅದರಲ್ಲಿರಬಹುದಾದ ಬೊಟ್ಯುಲಿಸಂ ಬೀಜಾಣುಗಳನ್ನು ಎಳೆಗರುಳು ತಡೆಯಲಾರದು.

ನೆರವು ಮತ್ತು ಚಿಕಿತ್ಸೆ

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಭೇಟಿ ನೀಡಬೇಕೆಂಬುದು 2011ರಿಂದ ಇರುವ ಕಾರ್ಯಕ್ರಮ. ಇಲ್ಲಿನ ತೊಡಕು ತವರುಮನೆ. ಗರ್ಭಿಣಿಯಾಗಿದ್ದಾಗಿನ ದಾಖಲೆ ಗಂಡನ ಊರಿನಲ್ಲಿ, ಬಾಣಂತನ ಇನ್ನೊಂದು ತಾಲೂಕಿನಲ್ಲಿ. ಕಡಬದಲ್ಲಿ ಮದುವೆಯಾಗಿ ಐವರ್ನಾಡಿಗೆ ಹೆರಿಗೆಗೆ ಬಂದವಳು ತವರಿನ ಆಶಾಗೆ ತಾನೇ ಹೇಳಿ ಕಳುಹಿಸದಿದ್ದರೆ ತೂಕ ನೋಡಬೇಕಾದ ಮೊದಲ ಎರಡು ವಾರ ಕಳೆದೇಹೋಗುತ್ತದೆ.

ತೂಕ ಹಿಂದುಳಿದದ್ದು ಖಚಿತವಾದರೆ ಹಿಡಿತ ತಿದ್ದುವುದು, ಹೆಚ್ಚು ಸಲ ಕುಡಿಸುವುದು, ಪ್ರತಿ ಸಲದ ನಂತರ ಕೈಯಿಂದ ಹಾಲು ಹಿಂಡಿ ಅದನ್ನೇ ಮಗುವಿಗೆ ಕೊಡುವುದು ಮೊದಲ ಹೆಜ್ಜೆ. ಕೊಡಲು ಬಾಟಲಿಗಿಂತ ಒಳಲೆ ಲೇಸು. ಕುದಿಸಿ ಸ್ವಚ್ಛ ಮಾಡುವುದು ಸುಲಭ, ಮಗುವಿಗೆ ರಬ್ಬರ್ ತೊಟ್ಟಿನ ಅಭ್ಯಾಸವೂ ಆಗದು. ಅಷ್ಟಕ್ಕೂ ಸಾಲದಿದ್ದರೆ ವೈದ್ಯರು ಹೇಳಿದ ಪ್ರಮಾಣದ ಪೂರಕ ಹಾಲು ಕೊಡಲೇಬೇಕು. ಹಸಿದ ಮಗು ಚೀಪಲಾರದು. ಅದಕ್ಕೆ ಬಲ ಬಂದ ಮೇಲೆ ಎದೆಹಾಲಿಗೆ ಮರಳುವುದು ಸಾಧ್ಯ. ದನದ ಹಾಲಿಗೆ ನೀರು ಬೆರೆಸಿ ಕೊಡುವುದು, ದುಬಾರಿ ಪುಡಿಯನ್ನು ಉಳಿಸಲು ತೆಳುವಾಗಿ ಕಲಸುವುದು ಎರಡೂ ಅಪಾಯ. ಹಾಲು ಹೆಚ್ಚಿಸಲೆಂದು ಡೊಂಪೆರಿಡೋನ್ ಮಾತ್ರೆಯನ್ನು ಅಂಗಡಿಯಿಂದ ತಾನೇ ತಂದು ನುಂಗಬಾರದು, ಹೃದಯ ಬಡಿತಕ್ಕೆ ಅದರಿಂದ ತೊಂದರೆಯಾಗಬಹುದು. ಎರಡು ವರ್ಷದೊಳಗಿನ ಮಕ್ಕಳ ಪುಡಿಹಾಲು, ಬಾಟಲಿಗಳ ಜಾಹೀರಾತನ್ನು ಭಾರತದಲ್ಲಿ 1992ರ ಕಾಯಿದೆ ಮತ್ತು ಅದರ 2003ರ ತಿದ್ದುಪಡಿ ನಿಷೇಧಿಸಿವೆ.

ಮಗು ಎಬ್ಬಿಸಿದರೂ ಏಳದಿದ್ದರೆ, ಹಾಲು ಹಿಡಿಯದಿದ್ದರೆ, ಎಂಟು ಗಂಟೆ ಮೂತ್ರ ಮಾಡದಿದ್ದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಅಂಗಾಲಿನವರೆಗೆ ಹಳದಿಯಾದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. 108 ಆಂಬುಲೆನ್ಸ್ ಇರುವುದು ಇಂಥದ್ದಕ್ಕೂ.

ಕೆಲಸಕ್ಕೆ ಮರಳುವ ತಾಯಿಯದು ಬೇರೆಯೇ ಕಷ್ಟ. 1964ರ ಭಾರತ–ಸಿಲೋನ್ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳ ಹಲವರು ಸುಳ್ಯ–ಪುತ್ತೂರು ಭಾಗದಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳನ್ನೇ ನೆಚ್ಚಿದವರು. ರಬ್ಬರ್ ಹಾಲು ತೆಗೆಯುವ ಕೆಲಸ ಶುರುವಾಗುವುದು ನಸುಕಿಗೆ, ಎದೆ ತುಂಬಿರುವ ಹೊತ್ತಿಗೆ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡುವ ಬಿಡುವು ಇದೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆ 26 ವಾರಗಳಾಯಿತು. ದಿನಗೂಲಿಗೆ ಅಡಿಕೆ ಸುಲಿಯಲು ಹೋಗುವವಳಿಗೆ ಈ ರಜೆ ಕೈಗೆಟುಕುವುದಿಲ್ಲ. ಹೊರಡುವ ಮೊದಲು ಹಿಂಡಿಟ್ಟ ಹಾಲು ಮುಚ್ಚಿದ ಸ್ಟೀಲ್ ಪಾತ್ರೆಯಲ್ಲಿ ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಕೆಡದೆ ಇರುತ್ತದೆ. ಕುದಿಸಬಾರದು, ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗಾಗಿಸಿ ಒಳಲೆಯಲ್ಲಿ ಕೊಟ್ಟರಾಯಿತು.