ಕಾಮನ್ಸ್ ಸಭೆಯಲ್ಲಿ ಹಿರಿಯ ಮತ್ತು ಕಿರಿಯ ಸ್ಥಾನಗಳು

ಬ್ರಿಟನ್ನಿನ ಕಾಮನ್ಸ್ ಸಭೆಯ ಸದಸ್ಯರೆಲ್ಲರೂ ಮತದಾನದ ಹಕ್ಕಿನಲ್ಲಿ ಸಮಾನರೇ ಆದರೂ, ಅವರಲ್ಲಿ ಹಿರಿಯರಾರು ಕಿರಿಯರಾರು ಎಂಬುದನ್ನು ನಿರ್ಣಯಿಸಲು ಆ ಸಭೆಯಲ್ಲಿ ಬಹುಕಾಲದಿಂದ ಎರಡು ಮಾನದಂಡಗಳು ರೂಢಿಯಲ್ಲಿವೆ: ಪ್ರಧಾನಮಂತ್ರಿಯ ಅನುಗ್ರಹದಿಂದ ಲಭಿಸುವ ಅಧಿಕಾರವೊಂದು, ಅಖಂಡ ಸೇವೆಯಿಂದ ಒದಗುವ ಗೌರವ ಮತ್ತೊಂದು.

1547ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅರಮನೆಯ ಸೇಂಟ್ ಸ್ಟೀಫನ್ ಪ್ರಾರ್ಥನಾಮಂದಿರವು ಈ ಸಭೆಯ ವಶಕ್ಕೆ ಬಂದಾಗ, ಗಾಯಕವೃಂದಕ್ಕೆಂದು ಎದುರುಬದುರಾಗಿ ರಚಿಸಿದ್ದ ಆಸನಪಂಕ್ತಿಗಳಲ್ಲಿಯೇ ಸದಸ್ಯರು ಕುಳಿತರು. ಕಾಲಕ್ರಮದಲ್ಲಿ ಸಭಾಧ್ಯಕ್ಷರ ಬಲಗಡೆಯ ಮುಂದಿನ ಸಾಲು ಮಂತ್ರಿಗಳಿಗೂ ಎಡಗಡೆಯದು ವಿರೋಧಪಕ್ಷದ ಮುಖಂಡರಿಗೂ ಮೀಸಲಾಗಿ, ಮಿಕ್ಕವರು ಹಿಂದಿನ ಸಾಲಿನವರೆನಿಸಿದರು.

ಮಂತ್ರಿಗಳಲ್ಲಿಯೂ ಸಂಪುಟ ಸಚಿವ, ರಾಜ್ಯಸಚಿವ, ಅಧೀನ ಸಚಿವ ಎಂಬ ತಾರತಮ್ಯವುಂಟು. ಎಲ್ಲರಿಗಿಂತ ಕೆಳಗೆ, ಮಂತ್ರಿಗೆ ಸಹಾಯಕನಾಗಿ ದುಡಿಯುವ ವೇತನವಿಲ್ಲದ ಸಂಸದೀಯ ಖಾಸಗಿ ಕಾರ್ಯದರ್ಶಿಯಿದ್ದಾನೆ. ಪದವಿಯ ಆಮಿಷದಿಂದ ರಾಜನು ಸಭೆಯನ್ನೇ ಕೊಂಡುಕೊಂಡಾನೆಂಬ ಭೀತಿ ಹಿಂದಿನಿಂದಲೂ ಇದ್ದುದರಿಂದ, ಹದಿನೆಂಟನೆಯ ಶತಮಾನದ ಆದಿಯಿಂದ ಮಂತ್ರಿಪದವಿ ಸ್ವೀಕರಿಸಿದವರು ಸಾಮಾನ್ಯವಾಗಿ ಮರಳಿ ಚುನಾವಣೆಗೆ ನಿಲ್ಲಬೇಕಾಗಿತ್ತು. ಆ ನಿಯಮವು ಪೂರ್ಣವಾಗಿ ರದ್ದಾದುದು 1926ರಲ್ಲಿ. 1975ರ ಶಾಸನವು ಕಾಮನ್ಸ್ ಸಭೆಯಲ್ಲಿ 95ಕ್ಕಿಂತ ಹೆಚ್ಚು ಮಂತ್ರಿಗಳು ಇರಕೂಡದೆಂದು ಮಿತಿಗೊಳಿಸಿತು. ಆದರೆ ಖಾಸಗಿ ಕಾರ್ಯದರ್ಶಿಗಳು ಈ ಎಣಿಕೆಗೆ ಸೇರುವುದಿಲ್ಲ. ಹಾಗಿದ್ದರೂ ಸರಕಾರಕ್ಕೆ ವಿರುದ್ಧವಾಗಿ ಮತ ನೀಡಿದರೆ ಅವರು ಸ್ಥಾನವನ್ನು ತೊರೆಯಬೇಕಾಗುತ್ತದೆ. ಮಿತಿಯ ಉದ್ದೇಶವನ್ನೇ ಶಿಥಿಲಗೊಳಿಸುವ ಈ ಏರ್ಪಾಡು ಸಭೆಯ ಸ್ವಾತಂತ್ರ್ಯಕ್ಕೆ ಹಿತಕರವೆನ್ನಲಾಗದು.

ಹಿಂದಿನ ಸಾಲಿನವರು ಸುಮ್ಮನೆ ಕುಳಿತವರಲ್ಲ. 1922ರ ಮಹಾಚುನಾವಣೆಯಲ್ಲಿ ಹೊಸದಾಗಿ ಆಯ್ಕೆಗೊಂಡ ಕೆಲವು ಕನ್ಸರ್ವೇಟಿವ್ ಸದಸ್ಯರು, ಸಭೆಯ ವಿಧಿವಿಧಾನಗಳಲ್ಲಿ ಪರಸ್ಪರ ನೆರವಾಗಲೆಂದು ಮರುವರ್ಷ ಒಂದು ಕೂಟವನ್ನು ಕಟ್ಟಿಕೊಂಡರು. ‘1922ರ ಸಮಿತಿ’ ಎಂದು ಪ್ರಸಿದ್ಧವಾದ ಆ ಕೂಟವೇ ಮುಂದೆ ಬೆಳೆದು ಪಕ್ಷದ ನಾಯಕನ ಆಯ್ಕೆಯನ್ನೂ ನಾಯಕನ ಮೇಲಣ ವಿಶ್ವಾಸಮತವನ್ನೂ ನಡೆಸುವ ಅಧಿಕಾರವನ್ನು ಪಡೆಯಿತು.

ಸೇವಾವಧಿಯ ಹಿರಿತನಕ್ಕೆ ದೊರೆಯುವ ಪ್ರತಿಷ್ಠೆ ‘ಫಾದರ್ ಆಫ್ ದಿ ಹೌಸ್’ ಎಂಬ ಬಿರುದು. ಎಡೆಬಿಡದೆ ಅತಿ ದೀರ್ಘಕಾಲ ಸದಸ್ಯನಾಗಿರುವವನಿಗೆ ಇದು ಸಲ್ಲುತ್ತದೆ. ಒಂದೇ ಚುನಾವಣೆಯಲ್ಲಿ ಬಂದವರಿಬ್ಬರಿದ್ದರೆ ಮೊದಲು ಪ್ರಮಾಣವಚನ ಸ್ವೀಕರಿಸಿದವನೇ ಹಿರಿಯ. ಚರ್ಚಿಲ್ಲನು 1900ರಲ್ಲಿಯೇ ಸಭೆಯನ್ನು ಪ್ರವೇಶಿಸಿದ್ದರೂ, ನಡುವೆ ಸೋತು ಹೊರಗುಳಿದುದರಿಂದ ಅವನ ಸೇವೆಯನ್ನು 1924ರಿಂದ ಲೆಕ್ಕ ಹಾಕಲಾಯಿತು. ಅವನಿಗೆ ಈ ಗೌರವ ಸಂದುದು 1959ರಲ್ಲಿ, ಎರಡು ಬಾರಿ ಪ್ರಧಾನಿಯಾದ ಮೇಲೆ. ಪ್ರಧಾನಮಂತ್ರಿಯಾಗಿರುವಾಗಲೇ ಇದನ್ನು ಪಡೆದವನು ಕ್ಯಾಂಪ್‌ಬೆಲ್-ಬ್ಯಾನರ್‌ಮನ್ ಒಬ್ಬನೇ. ಹಿಂದೆ ಸಭಾಧ್ಯಕ್ಷರ ಚುನಾವಣೆಯ ವೇಳೆ ಸಭೆಯ ಕಾರ್ಯದರ್ಶಿಯು ಮಾತಾಡುವ ಅಧಿಕಾರವಿಲ್ಲದೆ, ಮಾತಾಡಬೇಕಾದ ಸದಸ್ಯನತ್ತ ಮೌನವಾಗಿ ಬೆರಳು ತೋರುತ್ತಿದ್ದನು. 1970ರ ದಶಕದಲ್ಲಿ ಆ ಚುನಾವಣೆಯನ್ನು ನಡೆಸುವ ಕಾರ್ಯವನ್ನು ಈ ಹಿರಿಯನಿಗೆ ಒಪ್ಪಿಸಲಾಗಿ, ಬಿರುದಿಗೆ ಕರ್ತವ್ಯವೂ ಜೊತೆಗೂಡಿತು.

ಭಾರತದ ಲೋಕಸಭೆಯಲ್ಲಿ ಇದಕ್ಕೆ ಸಮೀಪದ ಸ್ಥಾನವೆಂದರೆ ಹಂಗಾಮಿ ಸಭಾಧ್ಯಕ್ಷರದು. ಸಂವಿಧಾನದ 95ನೆಯ ಅನುಚ್ಛೇದದಂತೆ ರಾಷ್ಟ್ರಪತಿಗಳು ನೇಮಿಸುವ ಈ ಸ್ಥಾನವು ಸಾಮಾನ್ಯವಾಗಿ ಹಿರಿಯ ಸದಸ್ಯರಿಗೇ ಸಲ್ಲುವುದು ವಾಡಿಕೆ. 2024ರಲ್ಲಿ, ಒಟ್ಟು ಎಂಟು ಬಾರಿ ಗೆದ್ದಿದ್ದರೂ ನಡುವೆ ಸೋತಿದ್ದ ಕೊಡಿಕುನ್ನಿಲ್ ಸುರೇಶರನ್ನು ಬಿಟ್ಟು, ಸತತವಾಗಿ ಏಳು ಬಾರಿ ಗೆದ್ದ ಭರ್ತೃಹರಿ ಮಹತಾಬರನ್ನು ನೇಮಿಸಿದಾಗ, ಸೇವೆಯ ಮೊತ್ತವು ಮುಖ್ಯವೋ ಅಖಂಡತೆಯು ಮುಖ್ಯವೋ ಎಂಬ ವಿವಾದವು ದೆಹಲಿಯಲ್ಲಿಯೂ ಎದ್ದಿತು. ವಿರೋಧಪಕ್ಷವು ಇದನ್ನು ವಾಡಿಕೆಯ ಉಲ್ಲಂಘನೆಯೆಂದಿತು, ಸರಕಾರವು ಮಹತಾಬರ ಅವಿಚ್ಛಿನ್ನ ಸದಸ್ಯತ್ವವನ್ನೇ ಕಾರಣವಾಗಿ ಮುಂದಿಟ್ಟಿತು.